ಮೊದಲ ಗುಂಡು ಸರಿ, ಉಳಿದವು ಯಾಕೆ ಚೆದುರುತ್ತವೆ?

ಪ್ರಶ್ನೆ: ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ಪಾಯಿಂಟ್ 22 ಬೋಲ್ಟ್ ರೈಫಲ್‌ನಲ್ಲಿ ಗುರಿ ಹೊಡೆಯುವುದನ್ನು ಕಲಿತವನು ನಾನು. 50 ಮೀಟರಿನಲ್ಲಿ ಗುಂಡುಗಳು ಒಂದರ ಪಕ್ಕ ಒಂದು ಬೀಳುತ್ತಿದ್ದವು. ಈಗ ಕ್ಲಬ್ಬಿನಲ್ಲಿ, ಹೊಡೆದ ಕೂಡಲೇ ಮುಂದಿನ ತೋಟಾ ತಾನಾಗಿ ಒಳಗೆ ಬರುವ ಪಾಯಿಂಟ್ 223 ಸೆಮಿ ಆಟೊಮ್ಯಾಟಿಕ್ ರೈಫಲ್ ಹಿಡಿದಿದ್ದೇನೆ. 100 ಮೀಟರಿನಲ್ಲಿ ಮೊದಲ ಗುಂಡು ಸಾಮಾನ್ಯವಾಗಿ ಸರಿಯಾದ ಜಾಗಕ್ಕೇ ಬೀಳುತ್ತದೆ. ಆಮೇಲಿನವು ಚೆದುರುತ್ತವೆ, ಹೆಚ್ಚಿನವು ಕೆಳಗೆ ಎಡಕ್ಕೆ. ನಾನು ಬಲಗೈಯವನು. ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳ ಹಣೆಬರಹವೇ ಇಷ್ಟು ಎಂದು ಜೊತೆಯವರು ಹೇಳುತ್ತಾರೆ. ನಿಜವೇ? ಇನ್ನೂ ಒಳ್ಳೆಯ ಸ್ಕೋಪ್ ಹಾಕಿಸಲೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಗುಂಡು ಸರಿಯಾಗಿ ಬೀಳುತ್ತದೆ ಎಂದು ನೀವು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು ಅದೇ. ಸ್ಕೋಪ್ ಸಡಿಲವಾಗಿದ್ದರೆ, ನಳಿಕೆ ಸವೆದಿದ್ದರೆ, ತೋಟಾ ಆ ರೈಫಲ್‌ಗೆ ಒಗ್ಗದಿದ್ದರೆ ಮೊದಲ ಗುಂಡೂ ದಿನಕ್ಕೊಂದು ಕಡೆ ಬೀಳುತ್ತಿತ್ತು. ಅದು ಮತ್ತೆ ಮತ್ತೆ ತನ್ನ ಜಾಗಕ್ಕೇ ಹೋಗುತ್ತಿದೆ ಎಂದರೆ ರೈಫಲ್ ಮತ್ತು ಸ್ಕೋಪ್ ತಮ್ಮ ಕೆಲಸ ಮಾಡುತ್ತಿವೆ, ಗುರಿ ಹಿಡಿಯಲು ನಿಮಗೂ ಬರುತ್ತದೆ. ಕೆಡುತ್ತಿರುವುದು ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವೆ. ಆದ್ದರಿಂದ ಸ್ಕೋಪಿಗೆ ಈಗಲೇ ಹಣ ಹಾಕಬೇಡಿ.

ಮೊದಲು ಜೊತೆಯವರ ಮಾತು ತೆಗೆದುಕೊಳ್ಳೋಣ. ಗುಂಡು ಹಾರುವಾಗಲೇ ಒಳಗೆ ಯಂತ್ರ ಓಡಾಡುತ್ತದೆ, ಹಾಗಾಗಿ ರೈಫಲ್ ಅಲುಗಿ ಗುರಿ ತಪ್ಪುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಡೆಯುವ ಕ್ರಮ ಬೇರೆ. ನಿಮ್ಮದರಂಥ ರೈಫಲ್‌ನಲ್ಲಿ ಗುಂಡು ನಳಿಕೆಯೊಳಗೆ ಇರುವುದು ಸುಮಾರು ಒಂದು ಮಿಲಿಸೆಕೆಂಡ್. ಅದು ನಳಿಕೆಯ ಮೇಲಿನ ಸಣ್ಣ ರಂಧ್ರ ದಾಟಿದ ಮೇಲಷ್ಟೇ ಅನಿಲ ಆ ದಾರಿಯಲ್ಲಿ ನುಗ್ಗಿ ಬೋಲ್ಟನ್ನು ಹಿಂದಕ್ಕೆ ತಳ್ಳಲು ಶುರು ಮಾಡುತ್ತದೆ. ಬೋಲ್ಟಿನ ಬೀಗ ಬಿಚ್ಚಿ ಖಾಲಿ ಕೇಸ್ ಹೊರಗೆ ಹಾರುವ ಹೊತ್ತಿಗೆ ಗುಂಡು ನಳಿಕೆ ಬಿಟ್ಟಾಗಿರುತ್ತದೆ. ನಿಮಗೆ ಭುಜದಲ್ಲಿ ಗೊತ್ತಾಗುವ ಆ ಖಟಪಟ ಎಲ್ಲ ಗುಂಡು ಹೋದ ಮೇಲಿನದು. ಗುಂಡು ಒಳಗಿರುವಷ್ಟು ಹೊತ್ತಿನಲ್ಲಿ ಮೂರೂವರೆ ಕಿಲೋ ತೂಕದ ರೈಫಲ್ ಹಿಂದಕ್ಕೆ ಸರಿಯುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಅತ್ಯಂತ ಸೂಕ್ಷ್ಮವಾದ ನಿಖರತೆಯ ಸ್ಪರ್ಧೆಗಳಲ್ಲಿ ಇಂದಿಗೂ ಬೋಲ್ಟ್ ರೈಫಲ್‌ಗಳದ್ದೇ ಮೇಲುಗೈ ಎಂಬುದು ನಿಜ. ಆದರೆ ಆ ವ್ಯತ್ಯಾಸ ಕಾಣಬೇಕಾದರೆ ಹೊಡೆಯುವವನು ಬಹಳ ಮುಂದೆ ಹೋಗಿರಬೇಕು. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ರೈಫಲ್ ಸ್ಪರ್ಧೆಗಳು ನಡೆದುಕೊಂಡು ಬಂದಿವೆ. ಜಾನ್ ಗರಾಂಡ್ ರೂಪಿಸಿದ, ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ ಎಂ1 ರೈಫಲ್‌ನಿಂದ ಹಿಡಿದು ಎಂ14, ಎಆರ್-15ವರೆಗೆ ಸೆಮಿ ಆಟೊಮ್ಯಾಟಿಕ್‌ಗಳೇ ಅಲ್ಲಿನ, ಸೇನೆಯ ಮಾದರಿಯ ರೈಫಲ್‌ಗಳಿಗೆ ಮೀಸಲಾದ ಸರ್ವಿಸ್ ರೈಫಲ್ ವಿಭಾಗವನ್ನು ಆಳಿವೆ. ಆ ವಿಭಾಗದಲ್ಲಿ 600 ಗಜ ದೂರದ ಗುರಿಹಲಗೆಯ 10 ಅಂಕದ ವೃತ್ತದ ಅಗಲ 12 ಅಂಗುಲ. ಮಲಗಿದ ಭಂಗಿಯಲ್ಲಿ, ಚೀಲದ ಆಸರೆ ಇಲ್ಲದೆ, ಬರೀ ತೋಳಿಗೆ ಬಿಗಿದ ಸ್ಲಿಂಗ್ ಪಟ್ಟಿಯ ಬಲದಲ್ಲಿ ಆ ವೃತ್ತದೊಳಗೆ ಗುಂಡಿನ ಮೇಲೆ ಗುಂಡು ಹಾಕುವವರಿದ್ದಾರೆ. ನಿಮ್ಮ ದೂರಕ್ಕೆ ಇಳಿಸಿದರೆ ಅದು 100 ಮೀಟರಿಗೆ ಸುಮಾರು 5.6 ಸೆಂಟಿಮೀಟರ್ ಅಗಲದ ವೃತ್ತ. ನಿಮ್ಮ ಕೈಲಿರುವ ಜಾತಿಯ ರೈಫಲ್‌ನಿಂದಲೇ ಇದು ಸಾಧ್ಯವಾಗಿದೆ.

ಹಾಗಾದರೆ ಬೋಲ್ಟ್ ರೈಫಲ್‌ನಲ್ಲಿ ಇದ್ದದ್ದು ಇಲ್ಲಿ ಏನು ಹೋಯಿತು? ನಡುವಿನ ಬಿಡುವು ಹೋಯಿತು. ಬೋಲ್ಟ್ ರೈಫಲ್‌ನಲ್ಲಿ ಹೊಡೆದ ಮೇಲೆ ಕೈ ಎತ್ತಬೇಕು, ಬೋಲ್ಟ್ ಎಳೆಯಬೇಕು, ತಳ್ಳಬೇಕು, ಮತ್ತೆ ಕೈ ಇಡಬೇಕು. ನಿಮಗೆ ಬೇಕಿರಲಿ ಬೇಡದಿರಲಿ, ಪ್ರತಿ ಗುಂಡಿಗೂ ಮೊದಲಿನಿಂದ ಶುರು ಮಾಡಿಸುತ್ತಿತ್ತು ಆ ರೈಫಲ್. ಸೆಮಿ ಆಟೊಮ್ಯಾಟಿಕ್ ಆ ಶಿಸ್ತನ್ನು ಹೇರುವುದಿಲ್ಲ. ಗುಂಡು ಹಾರಿದ ಮರುಗಳಿಗೆಗೆ ಮುಂದಿನದು ಸಿದ್ಧ. ಮೊದಲಿನ ಭಂಗಿಯೇ ಉಳಿದಿದೆ ಎಂದುಕೊಂಡು ನೀವು ಮತ್ತೆ ಟ್ರಿಗರ್ ಎಳೆಯುತ್ತೀರಿ. ಅಷ್ಟರಲ್ಲಿ ರೈಫಲ್‌ನ ಹಿಂತುದಿಯಾದ ಬಟ್ ಭುಜದಲ್ಲಿ ಅರ್ಧ ಬೆರಳಿನಷ್ಟು ಜಾರಿರುತ್ತದೆ, ಕೆನ್ನೆ ಎದ್ದಿರುತ್ತದೆ, ಮೊಣಕೈ ಸರಿದಿರುತ್ತದೆ. ಅದಕ್ಕಿಂತ ಹೆಚ್ಚಾಗಿ ಮನಸ್ಸು ಆಗಲೇ ಮುಂದಿನ ಗುಂಡಿಗೆ ಹೋಗಿಬಿಟ್ಟಿರುತ್ತದೆ. ನೀವು ಕಲಿಯಬೇಕಾದದ್ದು ಒಂದೇ: ಹೊಡೆದ ಗುಂಡನ್ನು ಪೂರ್ತಿ ಮುಗಿಸುವುದು. ಕೆಳಗೆ ಹೇಳುವುದೆಲ್ಲ ಅದರ ವಿವರ.

ಅದಕ್ಕೆ ಮೊದಲು ಸುರಕ್ಷತೆ. ನಾಲ್ಕು ಮೂಲ ನಿಯಮಗಳು ನಿಮಗೆ ಗೊತ್ತಿರುತ್ತವೆ: ಪ್ರತಿ ಬಂದೂಕನ್ನೂ ತುಂಬಿದ್ದೆಂದೇ ನೋಡಬೇಕು, ಹೊಡೆಯಬಾರದ ಯಾವುದರ ಕಡೆಗೂ ನಳಿಕೆ ತಿರುಗಬಾರದು, ಗುರಿ ಹಿಡಿದು ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ಗುರಿ ಯಾವುದು ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಬೋಲ್ಟ್ ರೈಫಲ್‌ನಿಂದ ಬಂದವರು ಇದರ ಮೇಲೆ ಇನ್ನೆರಡು ವಿಷಯ ಹೊಸದಾಗಿ ರೂಢಿಸಿಕೊಳ್ಳಬೇಕು. ಒಂದು, ಹೊಡೆದ ಮೇಲೆ ಈ ರೈಫಲ್ ಖಾಲಿಯಲ್ಲ, ತುಂಬಿದೆ. ಬೋಲ್ಟ್ ರೈಫಲ್‌ನಲ್ಲಿ ಹೊಡೆದು ಸುಮ್ಮನೆ ತಿರುಗಿ ಮಾತಾಡುವ ಅಭ್ಯಾಸ ಇದ್ದರೆ ಅದನ್ನು ಇಲ್ಲಿ ಪೂರ್ತಿ ಬಿಡಬೇಕು. ಎರಡು, ಖಾಲಿ ಮಾಡುವ ಕ್ರಮ. ಮೊದಲು ತೋಟಾಗಳ ಪೆಟ್ಟಿಗೆಯಾದ ಮ್ಯಾಗಜೀನ್ ಹೊರಗೆ, ಆಮೇಲೆ ಬೋಲ್ಟ್ ಹಿಂದಕ್ಕೆ. ಈ ಕ್ರಮ ಅದಲುಬದಲಾದರೆ ಬೋಲ್ಟ್ ಎಳೆದಾಗ ನಳಿಕೆಯ ಹಿಂತುದಿಯ ಚೇಂಬರಿನಲ್ಲಿದ್ದ ತೋಟಾ ಹೊರಗೆ ಬೀಳುತ್ತದೆ. ಬಿದ್ದದ್ದನ್ನು ಕಣ್ಣಾರೆ ನೋಡಿ ಖಾಲಿಯಾಯಿತು ಅಂದುಕೊಳ್ಳುತ್ತೀರಿ. ಆದರೆ ಬೋಲ್ಟ್ ಮುಂದಕ್ಕೆ ಬರುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ಒಳಗೆ ತಳ್ಳಿರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಚೇಂಬರಿನಲ್ಲಿ ತೋಟಾ ಕೂತೇ ಇರುತ್ತದೆ. ಆದ್ದರಿಂದ ಕ್ರಮ ಸರಿಯಾಗಿ ಪಾಲಿಸಿ, ಬೋಲ್ಟನ್ನು ಹಿಂದೆ ತಡೆದು ನಿಲ್ಲಿಸಿ, ಚೇಂಬರಿನೊಳಗೆ ಕಣ್ಣಿಂದ ನೋಡಿ, ಕತ್ತಲಿದ್ದರೆ ಬೆರಳಿಟ್ಟು ಮುಟ್ಟಿ ನೋಡಿ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಕೆಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಶಬ್ದ ಅಥವಾ ಒದೆತ ಎಂದಿಗಿಂತ ಕಡಿಮೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಕೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ಎಂದು ತರಬೇತುದಾರರಿಂದ ನೋಡಿಸಿ. ಮುಂದಿನ ಗುಂಡು ತಾನಾಗಿ ಒಳಗೆ ಬರುವ ರೈಫಲ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಈಗ ಕೆಳಗೆ ಎಡಕ್ಕೆ ಬೀಳುವ ಗುಂಡುಗಳ ವಿಷಯ. ಬಲಗೈಯವರಲ್ಲಿ ಇದರ ಸಾಮಾನ್ಯ ಕಾರಣ ಬಲಭುಜ. ಒದೆತ ಬರುತ್ತದೆ ಎಂದು ಗೊತ್ತಿರುವ ದೇಹ ಅದನ್ನು ಎದುರಿಸಲು ಮುಂಚಿತವಾಗಿಯೇ ಭುಜವನ್ನು ಮುಂದಕ್ಕೆ ತಳ್ಳುತ್ತದೆ. ಬಟ್ ಬಲಗಡೆಯಿಂದ ಮುಂದಕ್ಕೆ ನೂಕಿದಾಗ ನಳಿಕೆಯ ತುದಿ ಎಡಕ್ಕೆ ತಿರುಗಿ ಕೆಳಗಿಳಿಯುತ್ತದೆ. ಭುಜದಿಂದ ನಳಿಕೆಯ ತುದಿಗೆ ಸುಮಾರು 90 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತುದಿ ಒಂದೇ ಒಂದು ಮಿಲಿಮೀಟರ್ ಸರಿದರೆ 100 ಮೀಟರಿನಲ್ಲಿ ಗುಂಡು ಸುಮಾರು 11 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಗುಂಡು ಎಲ್ಲೆಲ್ಲೋ ಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ.

ಇದು ಶಬ್ದಕ್ಕೆ ಬೆಚ್ಚಿ ಆಗುವುದಲ್ಲವೇ ಎಂದು ಕೇಳಬಹುದು. ಶಬ್ದ ಕೇಳಿ ದೇಹ ಬೇಕೆಂದು ಚಲಿಸಲು ಸುಮಾರು 150ರಿಂದ 200 ಮಿಲಿಸೆಕೆಂಡ್ ಬೇಕು. ಗುಂಡು ನಳಿಕೆಯಲ್ಲಿ ಇರುವುದೇ ಒಂದು ಮಿಲಿಸೆಕೆಂಡ್. ಶಬ್ದ ಕೇಳಿ ಬೆಚ್ಚಿದರೆ ಆ ಗುಂಡಿಗೆ ಏನೂ ಆಗುವುದಿಲ್ಲ, ಅದು ಎಂದೋ ಹೋಗಿಯಾಗಿದೆ. ಗುಂಡನ್ನು ಕೆಡಿಸುವುದು ಶಬ್ದಕ್ಕೆ ಮೊದಲೇ ಬರುವ ಅಲುಗಾಟ. ಈಗ ಹಾರುತ್ತದೆ ಎಂದು ನಿಮಗೆ ಮೊದಲೇ ಗೊತ್ತಾಗಿಬಿಡುವುದು ತೊಂದರೆಯ ಬೇರು.

ನಾನು ಹೇಳಿದೆನೆಂದು ನಂಬಬೇಡಿ, ಪರೀಕ್ಷೆ ಮಾಡಿ. ನಿಮ್ಮ ತರಬೇತುದಾರರಿಗೆ ಮ್ಯಾಗಜೀನ್ ಕೊಟ್ಟು, ನಾಲ್ಕೈದು ತೋಟಾಗಳ ನಡುವೆ ಒಂದೆರಡು ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಿ ತುಂಬಿಸಿ ಎನ್ನಿ. ಯಾವುದು ಎಲ್ಲಿದೆ ಎಂದು ನಿಮಗೆ ತಿಳಿಯಬಾರದು. ಎಂದಿನಂತೆ ಹೊಡೆಯಿರಿ. ಡಮ್ಮಿಯ ಸರದಿ ಬಂದಾಗ ಒಳಗಿನ ಸುತ್ತಿಗೆಯಂಥ ಹ್ಯಾಮರ್ ಟಕ್ ಎಂದು ಬೀಳುತ್ತದೆ, ಮತ್ತೇನೂ ಆಗುವುದಿಲ್ಲ. ಆ ನಿಶ್ಶಬ್ದದಲ್ಲಿ ನಳಿಕೆಯ ತುದಿಯನ್ನು ನೋಡುವ ಕೆಲಸ ತರಬೇತುದಾರರದ್ದು. ರೈಫಲ್ ಕಲ್ಲಿನಂತೆ ನಿಂತಿದ್ದರೆ ನನ್ನ ಅನುಮಾನ ತಪ್ಪು. ತುದಿ ಬೆರಳಿನಷ್ಟು ಕೆಳಗೆ ಎಡಕ್ಕೆ ಕುಸಿದರೆ, ಭುಜ ಎದ್ದು ಮುಂದೆ ಬಂದರೆ, ಕಣ್ಣು ಮುಚ್ಚಿದರೆ ಕಾರಣ ಸಿಕ್ಕಿತು. ಎಷ್ಟೋ ವರ್ಷ ಹೊಡೆದವರೂ ಇದನ್ನು ಮೊದಲ ಸಲ ಮಾಡಿದಾಗ ತಮ್ಮ ಭುಜ ಅಷ್ಟು ಮುಂದೆ ಹೋದದ್ದನ್ನು ನಂಬುವುದಿಲ್ಲ. ಆದ್ದರಿಂದ ಸಾಧ್ಯವಾದರೆ ಪಕ್ಕದಿಂದ ವಿಡಿಯೊ ಮಾಡಿಸಿಕೊಳ್ಳಿ. ಡಮ್ಮಿ ಬಂದಾಗ ಕೆಟ್ಟುಹೋದ ತೋಟಾ ಎಂದು ಕಾಯಬೇಕಾದ 30 ಸೆಕೆಂಡಿನ ನಿಯಮವನ್ನು ಇಲ್ಲೂ ಬಿಡಬೇಡಿ. ಅದು ಡಮ್ಮಿಯೇ ಎಂದು ನಿಮಗೆ ಖಚಿತವಾಗಿ ಗೊತ್ತಿರುವುದಿಲ್ಲವಲ್ಲ.

ಈ ಬೆಚ್ಚುವಿಕೆಗೆ ಕಿವಿಯೂ ಕಾರಣ. ಪಾಯಿಂಟ್ 223 ರೈಫಲ್‌ನ ಶಬ್ದ 150 ಡೆಸಿಬೆಲ್ ದಾಟುತ್ತದೆ, ಪಾಯಿಂಟ್ 22ರ ಶಬ್ದ ಅದರ ಮುಂದೆ ಏನೇನೂ ಅಲ್ಲ. ನಳಿಕೆಯ ತುದಿಗೆ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಮಜಲ್ ಬ್ರೇಕ್ ಇದ್ದರೆ ಒದೆತ ಕಡಿಮೆಯಾಗಿ ಶಬ್ದ ಇನ್ನೂ ಹೆಚ್ಚಾಗುತ್ತದೆ, ಪಕ್ಕದಲ್ಲಿರುವವರಿಗಂತೂ ಬಹಳ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್ ಎರಡೂ ಹಾಕಿಕೊಳ್ಳಿ. ಬರೀ ಇಷ್ಟರಿಂದಲೇ ಅರ್ಧದಷ್ಟು ಬೆಚ್ಚುವಿಕೆ ಇಳಿದವರನ್ನು ನಾನು ಕಂಡಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಅಭ್ಯಾಸದ ಮೊದಲ ಹಂತ: ಮ್ಯಾಗಜೀನಿನಲ್ಲಿ ಒಂದೇ ತೋಟಾ. ಒಂದು ಹಾಕಿ, ಹೊಡೆದು, ಮ್ಯಾಗಜೀನ್ ತೆಗೆದು, ಮತ್ತೆ ಒಂದು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಬೋಲ್ಟ್ ರೈಫಲ್ ಕೊಡುತ್ತಿದ್ದ ಬಿಡುವನ್ನು ಇದು ವಾಪಸ್ ಕೊಡುತ್ತದೆ. ಕೈಯಿಂದ ಚೇಂಬರಿಗೆ ನೇರವಾಗಿ ತೋಟಾ ಹಾಕಿ ಬೋಲ್ಟ್ ಬಿಡುವುದು ಮಾತ್ರ ಬೇಡ. ಕೆಲವು ರೈಫಲ್‌ಗಳಲ್ಲಿ ಫೈರಿಂಗ್ ಪಿನ್ ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುತ್ತಿರುತ್ತದೆ. ಮ್ಯಾಗಜೀನಿನಿಂದ ತೋಟಾ ಎಳೆದುಕೊಳ್ಳುವಾಗ ಬೋಲ್ಟಿನ ವೇಗ ತಗ್ಗುತ್ತದೆ. ಆ ತಡೆ ಇಲ್ಲದೆ ಬೋಲ್ಟ್ ಪೂರ್ತಿ ವೇಗದಲ್ಲಿ ಬಂದು ಬಡಿದರೆ ಪಿನ್ ಮುಂದೆ ಜಿಗಿದು ತೋಟಾದ ಪ್ರೈಮರನ್ನು, ಅಂದರೆ ಮದ್ದಿಗೆ ಕಿಡಿ ಕೊಡುವ ಭಾಗವನ್ನು, ಕುಟ್ಟುತ್ತದೆ. ಕ್ಲಬ್ಬಿನಲ್ಲಿ ಪಾಯಿಂಟ್ 22 ಸೆಮಿ ಆಟೊಮ್ಯಾಟಿಕ್ ಸಿಗುವುದಾದರೆ ಈ ಹಂತದ ಹೆಚ್ಚಿನ ಪಾಲನ್ನು ಅದರಲ್ಲೇ ಮಾಡಿ. ತೋಟಾ ಅಗ್ಗ, ಒದೆತ ಇಲ್ಲವೇ ಇಲ್ಲ ಎನ್ನುವಷ್ಟು, ತಪ್ಪು ಮಾತ್ರ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಭಂಗಿಯ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಮತ್ತೆ ಹೇಳುವುದಿಲ್ಲ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಲಗಿ ಗುರಿ ಹಿಡಿದ ಮೇಲೆ ಕಣ್ಣು ಮುಚ್ಚಿ. ಎರಡು ಉಸಿರು ಎಳೆದು ಬಿಡಿ, ಮೈ ಸಡಿಲ ಬಿಡಿ. ಕಣ್ಣು ತೆರೆದಾಗ ಸ್ಕೋಪಿನ ಗೆರೆ ಗುರಿಯ ಎಡಕ್ಕೆ ಇದೆಯೇ? ಹಾಗಿದ್ದರೆ ಮೊದಲು ನೀವು ಅದನ್ನು ಸ್ನಾಯುಬಲದಿಂದ ಬಲಕ್ಕೆ ಎಳೆದು ಹಿಡಿದಿದ್ದಿರಿ ಎಂದರ್ಥ. ಅಂಥ ಹಿಡಿತದಲ್ಲಿ ಮೊದಲ ಗುಂಡು ಸರಿಯಾಗಿಯೇ ಬೀಳುತ್ತದೆ. ಒದೆತ ಬಂದ ಕೂಡಲೇ ಸ್ನಾಯು ಬಿಟ್ಟುಕೊಟ್ಟು ರೈಫಲ್ ತನಗೆ ಸಹಜವಾದ ದಿಕ್ಕಿಗೆ ಹೋಗಿ ನಿಲ್ಲುತ್ತದೆ. ನಿಮ್ಮ ಲಕ್ಷಣಕ್ಕೆ ಇದೂ ಸರಿಹೊಂದುತ್ತದೆ. ಇದನ್ನು ಸರಿಪಡಿಸಲು ಕೈಯಿಂದ ರೈಫಲ್ ತಳ್ಳಬಾರದು. ಎಡಮೊಣಕೈಯನ್ನು ಕದಲಿಸದೆ ಸೊಂಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಗುರಿ ಬಲಕ್ಕೆ ಬರಬೇಕಾದರೆ ಸೊಂಟ ಎಡಕ್ಕೆ. ಮೇಲೆ ಕೆಳಗೆ ಮಾಡಲು ಮೈಯನ್ನು ಹಿಂದೆ ಮುಂದೆ ಸರಿಸಿ. ಮತ್ತೆ ಕಣ್ಣು ಮುಚ್ಚಿ, ಮತ್ತೆ ನೋಡಿ. ಕಣ್ಣು ತೆರೆದಾಗಲೆಲ್ಲ ಗೆರೆ ತಾನಾಗಿ ಗುರಿಯ ಮೇಲೆ ನಿಂತಿರುವವರೆಗೆ ಟ್ರಿಗರಿಗೆ ಬೆರಳು ಹಾಕಬೇಡಿ. ಇದು ಸರಿಯಿದ್ದರೆ ಒದೆತದ ನಂತರ ರೈಫಲ್ ನೆಗೆದು ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದನ್ನು ಸ್ಕೋಪಿನಲ್ಲೇ ಕಾಣುತ್ತೀರಿ. ಸೆಮಿ ಆಟೊಮ್ಯಾಟಿಕ್ ಕೊಡುವ ನಿಜವಾದ ಸೌಲಭ್ಯ ಇದು. ಬೋಲ್ಟ್ ಎಳೆಯುವ ಗದ್ದಲ ಇಲ್ಲದೆ, ಭಂಗಿ ಸರಿಯೋ ತಪ್ಪೋ ಎಂದು ಪ್ರತಿ ಗುಂಡಿಗೂ ಅದು ತೋರಿಸುತ್ತದೆ.

ಚೀಲದ ಮೇಲಿಟ್ಟು ಹೊಡೆಯುವಾಗ ಆಸರೆ ಮುಂಗೈ ಹಿಡಿಯುವ ಜಾಗದ ಕೆಳಗೆ ಇರಲಿ, ನಳಿಕೆಗೆ ತಾಗಬಾರದು. ನಳಿಕೆಗೆ ಒತ್ತಡ ಬಿದ್ದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ನಳಿಕೆ ಮುಂಭಾಗದ ಕವಚಕ್ಕೆ ತಾಗಿರುವ ಮಾದರಿಯಾದರೆ ಸ್ಲಿಂಗ್ ಬಿಗಿದಾಗಲೂ ಹೀಗೇ ಆಗುತ್ತದೆ.

ಇನ್ನು ಟ್ರಿಗರ್. ನೀವು ಕಲಿತ ಬೋಲ್ಟ್ ರೈಫಲ್‌ನ ಟ್ರಿಗರ್ ಹಗುರವಾಗಿದ್ದಿರಬೇಕು. ಸರ್ವಿಸ್ ಮಾದರಿಯ ರೈಫಲ್‌ಗಳಲ್ಲಿ ಅದು ಗಟ್ಟಿ. ಆ ಸ್ಪರ್ಧೆಗಳ ನಿಯಮವೇ ಕನಿಷ್ಠ 4.5 ಪೌಂಡ್, ಅಂದರೆ ಸುಮಾರು ಎರಡು ಕಿಲೋ ಭಾರ ಕೇಳುತ್ತದೆ. ಮೂರೂವರೆ ಕಿಲೋ ತೂಕದ ವಸ್ತುವಿನ ಮೇಲೆ ಎರಡು ಕಿಲೋ ಬಲ ಹಾಕುವಾಗ ಆ ಬಲದ ಸಣ್ಣ ಪಾಲು ಪಕ್ಕಕ್ಕೆ ತಿರುಗಿದರೂ ರೈಫಲ್ ಅಲುಗುತ್ತದೆ. ತೋರುಬೆರಳಿನ ಮೊದಲ ಗಿಣ್ಣಿನ ಮೇಲಿನ ಮೆತ್ತನೆಯ ಭಾಗ ಟ್ರಿಗರ್ ಮೇಲಿರಲಿ. ಬೆರಳಿನ ಉಳಿದ ಭಾಗ ರೈಫಲ್‌ನ ಮೈಗೆ ಒತ್ತಬಾರದು. ಒತ್ತಡವನ್ನು ನೇರ ಹಿಂದಕ್ಕೆ ಏರಿಸುತ್ತಾ ಹೋಗಿ. ಈಗ ಹಾರಿಸುತ್ತೇನೆ ಎಂಬ ತೀರ್ಮಾನ ಬೇಡ. ಗೆರೆ ಗುರಿಯ ಮೇಲೆ ಇರುವಷ್ಟು ಹೊತ್ತೂ ಒತ್ತಡ ಏರುತ್ತಿರಲಿ, ಗುಂಡು ತನ್ನ ಹೊತ್ತಿಗೆ ತಾನು ಹಾರಲಿ. ಭುಜ ಮುಂಚಿತವಾಗಿ ತಳ್ಳಬೇಕಾದರೆ ಅದಕ್ಕೆ ಹೊತ್ತು ಗೊತ್ತಿರಬೇಕು. ಹೊತ್ತು ಗೊತ್ತಾಗದ ಹಾಗೆ ಎಳೆಯುವುದೇ ಬೆಚ್ಚುವಿಕೆಗೆ ಮದ್ದು.

ಗೆರೆ ಗುರಿಯ ಮೇಲೆ ಸ್ವಲ್ಪ ತೂಗಾಡುತ್ತದೆ. ತೂಗಾಡಲಿ ಬಿಡಿ. ಅದು ನಡುವಿಗೆ ಬಂದ ಕ್ಷಣ ಹಿಡಿದು ಎಳೆದುಬಿಡಬೇಕು ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಕಿತ್ತೆಳೆದಾಗ ಆಗುವ ತಪ್ಪು ತೂಗಾಟದ ತಪ್ಪಿಗಿಂತ ಎಷ್ಟೋ ಪಟ್ಟು ದೊಡ್ಡದು. ಉಸಿರು ಬಿಟ್ಟ ಮೇಲೆ ಬರುವ ಸಹಜ ವಿರಾಮದಲ್ಲಿ ಹೊಡೆಯಿರಿ, ಏಳೆಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ಬಿಟ್ಟು ಮತ್ತೆ ಉಸಿರಾಡಿ. ಇನ್ನೂ ಹಿಡಿದರೆ ಕಣ್ಣು ಮಂಜಾಗಲು ಶುರುವಾಗುತ್ತದೆ.

ಗುಂಡು ಹಾರಿದ ಮೇಲೆ ಟ್ರಿಗರನ್ನು ಏನು ಮಾಡುತ್ತೀರಿ? ಹೊಸಬರಲ್ಲಿ ಹೆಚ್ಚಿನವರು ಬೆರಳನ್ನು ಚಟ್ಟನೆ ಮುಂದಕ್ಕೆ ಬಿಡುತ್ತಾರೆ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಸೆಮಿ ಆಟೊಮ್ಯಾಟಿಕ್ ಕಲಿಯುವವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿದ್ದುವುದು ಇದನ್ನೇ. ಹಾರಿದ ಮೇಲೂ ಬೆರಳು ಹಿಂದೆಯೇ ಒತ್ತಿಕೊಂಡಿರಬೇಕು. ರೈಫಲ್ ಒದೆಯಲಿ, ಬೋಲ್ಟ್ ಹೋಗಿ ಬರಲಿ, ಗೆರೆ ಮತ್ತೆ ಗುರಿಯ ಮೇಲೆ ಬಂದು ಕೂರಲಿ. ಅಲ್ಲಿಯವರೆಗೆ ಕೆನ್ನೆ ಎತ್ತಬೇಡಿ, ತೂತು ಎಲ್ಲಿ ಬಿತ್ತು ಎಂದು ಹುಡುಕಬೇಡಿ. ಆಮೇಲೆ ಬೆರಳನ್ನು ಮೆಲ್ಲಗೆ ಮುಂದೆ ಬಿಡಿ. ಸ್ವಲ್ಪ ದೂರ ಬಂದ ಮೇಲೆ ಟಿಕ್ ಎಂದು ಸಣ್ಣ ತಟ್ಟು ಬೆರಳಿಗೆ ತಿಳಿಯುತ್ತದೆ. ಟ್ರಿಗರ್ ಒತ್ತಿರುವಾಗ ಹ್ಯಾಮರನ್ನು ಹಿಡಿದುಕೊಂಡಿದ್ದ ಕೊಕ್ಕೆ ಅದನ್ನು ಬಿಟ್ಟು, ಹ್ಯಾಮರ್ ಮುಖ್ಯ ಹಿಡಿತಕ್ಕೆ ಬರುವ ಸದ್ದು ಅದು. ರೀಸೆಟ್ ಎನ್ನುವುದು ಇದಕ್ಕೇ. ಗುಂಡು ಮುಗಿದದ್ದು ಇಲ್ಲಿ, ಮುಂದಿನದು ಶುರುವಾಗುವುದೂ ಇಲ್ಲಿಂದ. ಬೆರಳು ಟ್ರಿಗರನ್ನು ಬಿಟ್ಟು ಮುಂದೆ ಹಾರಿಹೋದರೆ ವಾಪಸ್ ಬಂದು ಬಡಿಯುತ್ತದೆ, ಆ ಬಡಿತವೇ ಎರಡನೆಯ ಗುಂಡನ್ನು ಕೆಡಿಸುತ್ತದೆ.

ಇದನ್ನು ತೋಟಾ ಇಲ್ಲದೆ ಮನೆಯಲ್ಲೇ ರೂಢಿಸಿಕೊಳ್ಳಬಹುದು, ರೈಫಲ್ ಮನೆಯಲ್ಲಿಡಲು ನಿಮಗೆ ಕಾನೂನಿನ ಅನುಮತಿ ಇದ್ದರೆ. ಇಲ್ಲದಿದ್ದರೆ ಕ್ಲಬ್ಬಿನಲ್ಲೇ ಮಾಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು, ಚೇಂಬರನ್ನು ಎರಡು ಸಲ ನೋಡಿ, ಗುಂಡು ತಡೆಯಬಲ್ಲ ಗೋಡೆಯ ಕಡೆಗೇ ಗುರಿ ಇರಲಿ. ಪಾಯಿಂಟ್ 22 ರೈಫಲ್‌ಗಳಲ್ಲಿ ಕೆಲವಕ್ಕೆ ಖಾಲಿ ಹೊಡೆದರೆ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ, ಕೈಪಿಡಿ ನೋಡಿಕೊಂಡೇ ಮಾಡಿ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಮ್ಮೆ ಖಾಲಿ ಹೊಡೆದರೆ ಹ್ಯಾಮರ್ ತಾನಾಗಿ ಮತ್ತೆ ಏರುವುದಿಲ್ಲ. ಈ ಕೊರತೆಯನ್ನೇ ಉಪಯೋಗಿಸಿಕೊಳ್ಳಿ. ಟ್ರಿಗರ್ ಎಳೆದು ಹಿಂದೆಯೇ ಹಿಡಿದಿರಿ. ಪಕ್ಕದಲ್ಲಿರುವವರು ಬೋಲ್ಟ್ ಎಳೆಯುವ ಹಿಡಿಯನ್ನು (ಚಾರ್ಜಿಂಗ್ ಹ್ಯಾಂಡಲ್) ಎಳೆದು ಬಿಡಲಿ. ರೈಫಲ್ ಅಲುಗುತ್ತದೆ, ಗುರಿ ತಪ್ಪುತ್ತದೆ, ಮತ್ತೆ ಬಂದು ಕೂರುತ್ತದೆ. ಆಮೇಲೆ ಬೆರಳು ಬಿಟ್ಟು ಆ ಟಿಕ್ ಹುಡುಕಿ. ನಳಿಕೆಯ ತುದಿಯ ಹತ್ತಿರ ಒಂದು ನಾಣ್ಯ ಇಟ್ಟು ಅದು ಬೀಳದ ಹಾಗೆ ಟ್ರಿಗರ್ ಎಳೆಯುವ ಹಳೆಯ ಪಾಠವೂ ಒಳ್ಳೆಯದೇ. ದಿನಕ್ಕೆ ಹತ್ತು ನಿಮಿಷ ಗಮನವಿಟ್ಟು ಮಾಡಿದರೆ ಸಾಕು. ಗಮನ ಹೋದ ಮೇಲೆ ಮಾಡಿದ್ದು ತಪ್ಪನ್ನೇ ಗಟ್ಟಿ ಮಾಡುತ್ತದೆ.

ರೇಂಜಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಗುಂಡು ಹಾರಿದ ಕ್ಷಣ ಗೆರೆ ಗುರಿಯ ಮೇಲೆ ಎಲ್ಲಿತ್ತು ಎಂಬುದನ್ನು, ತೂತು ನೋಡುವುದಕ್ಕೆ ಮೊದಲೇ, ಒಂದು ಚುಕ್ಕೆಯಾಗಿ ಗುರುತು ಮಾಡಿ. ಆಮೇಲೆ ತೂತು ನೋಡಿ ಪಕ್ಕದಲ್ಲಿ ಬರೆಯಿರಿ. ಮೂರು ಗಂಟೆಯ ಕಡೆಗೆ, ಅಂದರೆ ಬಲಕ್ಕೆ, ಹೋಯಿತು ಎಂದು ನೀವು ಹೇಳಿದ ಗುಂಡು ಅಲ್ಲೇ ಬಿದ್ದಿದ್ದರೆ, ಅದು ಹತ್ತು ಅಂಕದ್ದಲ್ಲದಿದ್ದರೂ ನಾನು ಅದನ್ನು ಒಳ್ಳೆಯ ಗುಂಡು ಎನ್ನುತ್ತೇನೆ. ನಡುವಿಗೇ ಹೋಯಿತು ಎಂದು ನೀವು ಖಚಿತವಾಗಿ ಹೇಳಿದ್ದು ಕೆಳಗೆ ಎಡಕ್ಕೆ ಬಿದ್ದಿದ್ದರೆ, ಆ ಕ್ಷಣದಲ್ಲಿ ನಿಮ್ಮ ಕಣ್ಣು ಮುಚ್ಚಿತ್ತು.

ಗುಂಪನ್ನು ಅಳೆಯುವಾಗ ಮೂರು ಗುಂಡಿನ ಗುಂಪು ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಅದೇ ರೈಫಲ್, ಅದೇ ಕೈ, ಅದೇ ತೋಟಾ ಇದ್ದರೂ ಹತ್ತು ಗುಂಡಿನ ಗುಂಪು ಸರಾಸರಿಯಲ್ಲಿ ಮೂರು ಗುಂಡಿನ ಗುಂಪಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅಗಲ ಇರುತ್ತದೆ. ಇದು ಬರೀ ಲೆಕ್ಕದ ಮಾತು. ಮೂರು ಹೊಡೆದು ಸ್ಕೋಪ್ ತಿರುಗಿಸಿ, ಮತ್ತೆ ಮೂರು ಹೊಡೆದು ವಾಪಸ್ ತಿರುಗಿಸುವವರು ದಿನವಿಡೀ ಆಕಸ್ಮಿಕವನ್ನು ಬೆನ್ನಟ್ಟುತ್ತಿರುತ್ತಾರೆ. ಹತ್ತು ಹೊಡೆಯಿರಿ, ನಿಧಾನವಾಗಿ. ನಳಿಕೆ ಕೈಯಿಡಲಾಗದಷ್ಟು ಬಿಸಿಯಾದರೆ ಆರಲು ಬಿಡಿ, ಕಾದ ನಳಿಕೆಯಿಂದ ಏಳುವ ಬಿಸಿಗಾಳಿ ಸ್ಕೋಪಿನ ಮುಂದೆ ಅಲೆಯಾಡಿ ಗುರಿಯನ್ನೇ ಕುಣಿಸುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಕೆಲವು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳಲ್ಲಿ ಕೈಯಿಂದ ಬೋಲ್ಟ್ ಬಿಟ್ಟು ತುಂಬಿದ ಮೊದಲ ತೋಟಾ, ಯಂತ್ರ ತಾನೇ ತುಂಬಿದ ಮುಂದಿನವುಗಳಿಗಿಂತ ಸ್ವಲ್ಪ ಬೇರೆ ಜಾಗಕ್ಕೆ ಬೀಳುತ್ತದೆ. ಬೋಲ್ಟ್ ಕೂರುವ ರೀತಿಯಲ್ಲಿ ಸೂಕ್ಷ್ಮ ವ್ಯತ್ಯಾಸ ಇರುವುದು ಅದಕ್ಕೆ ಕಾರಣ. ಆದರೆ ಆಗ ಮುಂದಿನ ಗುಂಡುಗಳೆಲ್ಲ ಒಟ್ಟಾಗಿ ಇನ್ನೊಂದು ಜಾಗದಲ್ಲಿ ಗುಂಪುಗೂಡುತ್ತವೆ, ನಿಮ್ಮವು ಚೆದುರುತ್ತಿವೆ. ಹಾಗಾಗಿ ಇದು ನಿಮ್ಮ ಕಾಯಿಲೆಯಲ್ಲ ಎಂದೇ ನನ್ನ ಎಣಿಕೆ. ಅನುಮಾನವಿದ್ದರೆ ಒಂದೊಂದೇ ತೋಟಾ ಹಾಕಿ ಹೊಡೆದ ಹತ್ತರ ಗುಂಪನ್ನೂ, ಮ್ಯಾಗಜೀನ್ ತುಂಬಿ ಅಷ್ಟೇ ನಿಧಾನವಾಗಿ ಹೊಡೆದ ಹತ್ತರ ಗುಂಪನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಸ್ಕೋಪಿನ ಪ್ರಶ್ನೆಗೆ ಇಷ್ಟು ಸಾಕು: ರಿಂಗಿನ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿ. ರೈಫಲನ್ನು ಚೀಲಗಳ ಮೇಲೆ ಅಲುಗದಂತೆ ಕೂರಿಸಿ, ಮುಟ್ಟದೆ, ತಲೆಯನ್ನು ಮಾತ್ರ ಸ್ವಲ್ಪ ಮೇಲೆ ಕೆಳಗೆ ಆಡಿಸಿ. ಗೆರೆ ಗುರಿಯ ಮೇಲೆ ಜಾರಿದಂತೆ ಕಂಡರೆ ಪ್ರತಿ ಗುಂಡಿಗೂ ಕೆನ್ನೆ ಒಂದೇ ಕಡೆ ಕೂರುವುದು ಇನ್ನಷ್ಟು ಮುಖ್ಯ. ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಎಂದರೆ ಸಾಮಾನ್ಯವಾಗಿ ಕಾಲು ಮಿನಿಟ್ ಆಫ್ ಆಂಗಲ್ (ಒಂದು ಮಿನಿಟ್ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು), 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್. ಮಿಲ್ ಲೆಕ್ಕದ ಸ್ಕೋಪಾದರೆ ಒಂದು ಸೆಂಟಿಮೀಟರ್. ಹತ್ತು ಗುಂಡಿನ ಗುಂಪಿನ ನಡುವನ್ನು ನೋಡಿ ತಿರುಗಿಸಿ, ದಾರಿ ತಪ್ಪಿದ ಒಂದು ಗುಂಡನ್ನು ನೋಡಿ ಅಲ್ಲ. ಸ್ಕೋಪಿಗೆ ಇಟ್ಟಿದ್ದ ಹಣದಲ್ಲಿ ಮೂರ್ನಾಲ್ಕು ಬಗೆಯ ತೋಟಾ ತಂದು ಯಾವುದು ಆ ನಳಿಕೆಗೆ ಒಗ್ಗುತ್ತದೆ ಎಂದು ನೋಡುವುದು ಮೇಲು. ಗುಂಪಿನ ಅಗಲ ತೋಟಾದಿಂದ ತೋಟಾಕ್ಕೆ ಎರಡರಷ್ಟು ವ್ಯತ್ಯಾಸವಾಗುವುದು ಅಪರೂಪವೇನಲ್ಲ.

ವೇಗ ಯಾವಾಗ? ಒಂದೊಂದೇ ತೋಟಾದ ಗುಂಪೂ ಐದು ತೋಟಾದ ಮ್ಯಾಗಜೀನಿನ ಗುಂಪೂ ಒಂದೇ ಅಗಲಕ್ಕೆ ಬಂದ ಮೇಲೆ. ಆಗಲೂ ಗಡಿಯಾರ ನೋಡಿ ಹೊಡೆಯಬೇಡಿ, ಉಸಿರಿಗೆ ಹೊಡೆಯಿರಿ: ಒಂದು ಉಸಿರು, ಒಂದು ಗುಂಡು, ಟಿಕ್, ಮತ್ತೆ ಉಸಿರು. ಸರ್ವಿಸ್ ರೈಫಲ್ ಸ್ಪರ್ಧೆಯ ವೇಗದ ಸುತ್ತುಗಳಲ್ಲಿ 200 ಗಜಕ್ಕೆ 60 ಸೆಕೆಂಡ್, 300 ಗಜಕ್ಕೆ 70 ಸೆಕೆಂಡ್ ಕೊಡುತ್ತಾರೆ. ಹತ್ತು ಗುಂಡು, ನಡುವೆ ಒಮ್ಮೆ ಮ್ಯಾಗಜೀನ್ ಬದಲಾವಣೆ, ಎಲ್ಲ ಅದರೊಳಗೇ. ಹೊರಗಿನಿಂದ ನೋಡಿದವರಿಗೆ ಅದು ಧಾವಂತ ಅನಿಸುತ್ತದೆ. ಪಳಗಿದವರು ಬದಲಾವಣೆಯನ್ನು ಚುರುಕಾಗಿ ಮುಗಿಸಿ, ಉಳಿದ ಹೊತ್ತನ್ನೆಲ್ಲ ಟ್ರಿಗರಿಗೆ ಕೊಡುತ್ತಾರೆ. ನೀವು ವೇಗ ಹೆಚ್ಚಿಸಿದ ದಿನ ಪುಸ್ತಕದಲ್ಲಿ ಗುರುತು ಮಾಡಿದ ಚುಕ್ಕೆಗಳೂ ಗುರಿಹಲಗೆಯ ತೂತುಗಳೂ ಬೇರೆಯಾಗತೊಡಗಿದರೆ, ಅವತ್ತೇ ಅಲ್ಲೇ ಮ್ಯಾಗಜೀನ್ ಖಾಲಿ ಮಾಡಿ, ಒಂದೇ ತೋಟಾಕ್ಕೆ ವಾಪಸ್ ಹೋಗಿ. ಡಮ್ಮಿ ಪರೀಕ್ಷೆಯ ವಿಡಿಯೊದಲ್ಲಿ ಭುಜ ಏನು ಮಾಡಿತು ಎಂಬುದನ್ನು ಬರೆದು ಕಳುಹಿಸಿ. ನನ್ನ ಊಹೆ ತಪ್ಪಾಗಿದ್ದರೆ ಮುಂದೆ ಹುಡುಕಬೇಕಾದ್ದು ಸಹಜ ದಿಕ್ಕಿನ ತಪ್ಪನ್ನು, ಅದಕ್ಕೆ ನಿಮ್ಮ ಸ್ಲಿಂಗ್ ಮತ್ತು ಎಡಮೊಣಕೈ ಇರುವ ಜಾಗದ ಚಿತ್ರವೂ ಬೇಕಾಗುತ್ತದೆ.